ಕೈಯಾರೆ ಕಟ್ಟುವ ಕಾರು

ಮೋಟಾರು ಕಾರು ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಒಂದು ಬೃಹತ್ ಕಾರ್ಖಾನೆಯ ಚಿತ್ರ. ವಿಶಾಲವಾದ ಕಟ್ಟಡಗಳು, ಸಾಲುಸಾಲಾಗಿ ನಿಂತ ಯಂತ್ರಗಳು, ತಮ್ಮ ತಮ್ಮ ಪಾಲಿನ ಕೆಲಸವನ್ನಷ್ಟೇ ಮಾಡಿ ಮುಗಿಸುವ ಸಾವಿರಾರು ಕಾರ್ಮಿಕರು, ಕೊನೆಯಲ್ಲಿ ಒಂದರ ಹಿಂದೊಂದರಂತೆ ಹೊರಬೀಳುವ ಸಿದ್ಧ ಕಾರುಗಳು. 1913ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಚಲಿಸುವ ಜೋಡಣೆಯ ಸಾಲನ್ನು ಬಳಕೆಗೆ ತಂದ ಮೇಲೆ ಕಾರಿನ ತಯಾರಿಕೆಯು ದೊಡ್ಡ ಬಂಡವಾಳ ಮತ್ತು ದೊಡ್ಡ ಸಂಘಟನೆಗಳಿಗೆ ಮಾತ್ರ ಸಾಧ್ಯವಾದ ಕಾರ್ಯವೆನಿಸಿತು. ಕಾರನ್ನು ಕಟ್ಟುವವನು ಬೇರೆ, ಅದನ್ನು ಏರಿ ಹೋಗುವವನು ಬೇರೆ. ಒಬ್ಬರ ಮುಖವನ್ನು ಇನ್ನೊಬ್ಬರು ಎಂದೂ ಕಂಡಿರುವುದಿಲ್ಲ.

ಆದರೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ತೀರ ಭಿನ್ನವಾದ ಒಂದು ಪದ್ಧತಿ ಬೆಳೆಯಿತು. ತಯಾರಕನು ಕಾರಿನ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುತ್ತಿದ್ದನು. ಕೊಂಡವನು ಅವುಗಳನ್ನು ತನ್ನ ಮನೆಯ ಷೆಡ್ಡಿನಲ್ಲಿ ಹರಡಿಕೊಂಡು, ಸಂಜೆಯ ಬಿಡುವಿನಲ್ಲಿ, ರಜೆಯ ದಿನಗಳಲ್ಲಿ, ಒಂದೊಂದಾಗಿ ಜೋಡಿಸಿ ತನ್ನ ಕಾರನ್ನು ತಾನೇ ಕಟ್ಟಿಕೊಳ್ಳುತ್ತಿದ್ದನು. ಇಂತಹ ಕಾರುಗಳಿಗೆ ‘ಕಿಟ್ ಕಾರು’ ಎಂದು ಹೆಸರು. ಇವುಗಳನ್ನು ತಯಾರಿಸುತ್ತಿದ್ದ ಸಣ್ಣ ಸಂಸ್ಥೆಗಳು ಹಲವು ಹುಟ್ಟಿದವು, ಹಲವು ಅಳಿದವು. ಅವುಗಳ ನಡುವೆ ಒಂದು ಕಾರು ಮಾತ್ರ 1957ರಲ್ಲಿ ಹುಟ್ಟಿ, ತನ್ನನ್ನು ಹೆತ್ತ ಸಂಸ್ಥೆಯೇ ಕೈಬಿಟ್ಟ ಮೇಲೂ ಬದುಕಿ, ಇಂದಿಗೂ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಗುತ್ತಿದೆ. ಅದರ ಕಥೆಯನ್ನು ಅರಿಯಬೇಕಾದರೆ ಮೊದಲು ಕಾಲಿನ್ ಚಾಪ್‌ಮನ್ ಎಂಬ ತರುಣನ ಪರಿಚಯ ಮಾಡಿಕೊಳ್ಳಬೇಕು.

ಚಾಪ್‌ಮನ್ ಜನಿಸಿದುದು 1928ರಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆತ ಓದಿದ್ದು ಮೋಟಾರು ವಿದ್ಯೆಯನ್ನಲ್ಲ; ಸೇತುವೆ, ಕಟ್ಟಡಗಳ ರಚನೆಗೆ ಸಂಬಂಧಿಸಿದ ಎಂಜಿನಿಯರಿಂಗನ್ನು. ಭಾರವನ್ನು ಹೊರುವ ಒಂದು ರಚನೆಯಲ್ಲಿ ಯಾವ ಭಾಗ ನಿಜವಾಗಿ ದುಡಿಯುತ್ತದೆ, ಯಾವ ಭಾಗ ಸುಮ್ಮನೆ ಹೊರೆಯಾಗಿ ಕುಳಿತಿರುತ್ತದೆ ಎಂಬುದನ್ನು ಲೆಕ್ಕ ಹಾಕುವ ವಿದ್ಯೆ ಅದು. ಈ ವಿದ್ಯೆಯೇ ಮುಂದೆ ಆತನ ಕಾರುಗಳಿಗೆಲ್ಲ ತಳಹದಿಯಾಯಿತು.

1948ರಲ್ಲಿ ಚಾಪ್‌ಮನ್ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ತೆಗೆದುಕೊಂಡು, ಅದರ ಮೈಯನ್ನು ಕಳಚಿ, ತನ್ನ ಕಲ್ಪನೆಗೆ ತಕ್ಕಂತೆ ಹೊಸದಾಗಿ ಕಟ್ಟಿದನು. ಆ ಕೆಲಸ ನಡೆದದ್ದು ಆತನ ಗೆಳತಿ ಹೇಝಲ್ ವಿಲಿಯಮ್ಸ್‌ಳ ತಂದೆತಾಯಿಯರ ಮನೆಯ ಹಿಂದಿದ್ದ ಒಂದು ಚಿಕ್ಕ ಗ್ಯಾರೇಜಿನಲ್ಲಿ. ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದ ಕಾಲ ಅದು. ಹೊಸ ಕಾರುಗಳು ದುರ್ಲಭ. ತಯಾರಾದವುಗಳಲ್ಲಿ ಬಹುಪಾಲು ಹೊರದೇಶಗಳಿಗೆ ರಫ್ತಾಗುತ್ತಿದ್ದವು. ಕಾರಿನ ಹುಚ್ಚಿದ್ದ, ಆದರೆ ಕೈಯಲ್ಲಿ ಕಾಸಿಲ್ಲದ ತರುಣರಿಗೆ ಹಳೆಯ ಕಾರುಗಳ ಭಾಗಗಳೇ ಗತಿಯಾಗಿದ್ದವು. ಚಾಪ್‌ಮನ್ ಅಂತಹ ತರುಣರಲ್ಲಿ ಒಬ್ಬನು. ತನ್ನ ಕಾರುಗಳಿಗೆ ಆತ ‘ಲೋಟಸ್’, ಅಂದರೆ ತಾವರೆ, ಎಂಬ ಹೆಸರನ್ನಿಟ್ಟನು. ಆ ಹೆಸರನ್ನೇ ಆರಿಸಿದ್ದೇಕೆಂಬುದನ್ನು ಮಾತ್ರ ಆತ ಬಹಿರಂಗವಾಗಿ ಹೇಳಲಿಲ್ಲ.

1952ರ ಆರಂಭದಲ್ಲಿ ಹೇಝಲ್‌ಳಿಂದ 25 ಪೌಂಡುಗಳನ್ನು ಸಾಲ ಪಡೆದು ಚಾಪ್‌ಮನ್ ಲೋಟಸ್ ಎಂಜಿನಿಯರಿಂಗ್ ಸಂಸ್ಥೆಯನ್ನು ಸ್ಥಾಪಿಸಿದನು. ಎರಡು ವರ್ಷಗಳ ತರುವಾಯ ಹೇಝಲ್ ಆತನ ಪತ್ನಿಯಾದಳು. ಉತ್ತರ ಲಂಡನ್ನಿನ ಹಾರ್ನ್‌ಸಿ ಎಂಬಲ್ಲಿ ಚಾಪ್‌ಮನ್ನನ ತಂದೆ ನಡೆಸುತ್ತಿದ್ದ ಹೋಟೆಲಿನ ಹಿಂಬದಿಯ ಹಳೆಯ ಕುದುರೆಲಾಯವೇ ಹೊಸ ಸಂಸ್ಥೆಯ ಕಾರ್ಖಾನೆ. ಚಾಪ್‌ಮನ್ ಹಗಲೆಲ್ಲ ಅಲ್ಯೂಮಿನಿಯಂ ಕಂಪನಿಯೊಂದರಲ್ಲಿ ಉದ್ಯೋಗ ಮಾಡಿ, ಸಂಜೆಯಾಗುತ್ತಲೇ ಆ ಲಾಯಕ್ಕೆ ಬಂದು ಕಾರು ಕಟ್ಟುತ್ತಿದ್ದನು. ಅಲ್ಲಿ ತಯಾರಾದ ಆರನೆಯ ಮಾದರಿಯು ಬಿಡಿಭಾಗಗಳ ರೂಪದಲ್ಲಿ ಮಾರಾಟಕ್ಕೆ ಬಂದಿತು. ಅದರ ಚೌಕಟ್ಟು ಲೋಟಸ್‌ನದು. ಎಂಜಿನ್ ಮುಂತಾದವುಗಳನ್ನು ಕೊಂಡವನು ಸಾಮಾನ್ಯ ಫೋರ್ಡ್ ಕಾರಿನಿಂದ ಒದಗಿಸಿಕೊಳ್ಳಬಹುದಾಗಿತ್ತು. ಸುಮಾರು ನೂರು ಕಾರುಗಳಿಗೆ ಬೇಕಾದ ಭಾಗಗಳು ಮಾರಾಟವಾದವು. ಒಂದು ಕುದುರೆಲಾಯದ ಉದ್ಯಮಕ್ಕೆ ಇದು ಸಣ್ಣ ಯಶಸ್ಸೇನೂ ಅಲ್ಲ.

ಬಿಡಿಭಾಗಗಳ ರೂಪದಲ್ಲಿ ಮಾರುವ ಈ ಏರ್ಪಾಟಿಗೆ ಬಲವಾದ ಇನ್ನೊಂದು ಕಾರಣವೂ ಇದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟಿಷ್ ಸರ್ಕಾರವು ‘ಖರೀದಿ ತೆರಿಗೆ’ ಎಂಬ ಹೊಸ ತೆರಿಗೆಯನ್ನು ವಿಧಿಸಿತ್ತು. ಅತ್ಯಾವಶ್ಯಕವಲ್ಲದ ವಸ್ತುಗಳ ಮೇಲೆ ಜನರು ಹಣ ವೆಚ್ಚ ಮಾಡುವುದನ್ನು ತಡೆಯುವುದು ಅದರ ಉದ್ದೇಶ. ಯುದ್ಧವೇನೋ ಮುಗಿಯಿತು; ತೆರಿಗೆ ಮುಗಿಯಲಿಲ್ಲ. ಹೊಸ ಕಾರನ್ನು ಕೊಳ್ಳುವವನು ಕಾರಿನ ಬೆಲೆಯೊಡನೆ ಭಾರಿ ಮೊತ್ತದ ತೆರಿಗೆಯನ್ನೂ ತೆರಬೇಕಾಗಿತ್ತು. ಆದರೆ ಆ ತೆರಿಗೆ ಇದ್ದುದು ಪೂರ್ಣಗೊಂಡ ಕಾರಿನ ಮೇಲೆ. ಬಿಡಿಬಿಡಿಯಾದ ಭಾಗಗಳು ಕಾನೂನಿನ ದೃಷ್ಟಿಯಲ್ಲಿ ಕಾರೇ ಅಲ್ಲ! ಕೊಂಡವನು ಅವುಗಳನ್ನು ತಾನೇ ಜೋಡಿಸಿಕೊಂಡರೆ ಖರೀದಿ ತೆರಿಗೆಯ ಪ್ರಶ್ನೆಯೇ ಏಳುತ್ತಿರಲಿಲ್ಲ.

ಈ ಹಿನ್ನೆಲೆಯಲ್ಲಿ 1957ರಲ್ಲಿ ಲೋಟಸ್ ಸಂಸ್ಥೆಯು ‘ಸೆವೆನ್’ ಎಂಬ ಕಾರನ್ನು ಹೊರತಂದಿತು. ಮಾದರಿಗಳ ಎಣಿಕೆಯಲ್ಲಿ ಎಂಟು, ಒಂಬತ್ತು, ಹನ್ನೊಂದು ಎಲ್ಲವೂ ಆಗಿಹೋಗಿದ್ದರೂ ಏಳೆಂಬ ಸಂಖ್ಯೆ ಬಳಕೆಯಾಗದೆ ಉಳಿದಿತ್ತು. ಹೊಸ ಕಾರಿಗೆ ಅದೇ ಹೆಸರಾಯಿತು. ತೆರಿಗೆಯೂ ಸೇರಿ ಪೂರ್ಣ ಕಾರಿನ ಬೆಲೆ 1036 ಪೌಂಡು. ಬಿಡಿಭಾಗಗಳಾಗಿ ಕೊಂಡರೆ ಕೇವಲ 526 ಪೌಂಡು. ಸ್ಪ್ಯಾನರ್ ಹಿಡಿಯಲು ಬಲ್ಲವನಿಗೆ ಹೆಚ್ಚುಕಡಿಮೆ ಅರ್ಧದಷ್ಟು ಹಣ ಉಳಿಯುತ್ತಿತ್ತು. ಚಿಕ್ಕ ಸಂಬಳದ ಗುಮಾಸ್ತನೂ ಕಾರ್ಖಾನೆಯ ಕಸಬುದಾರನೂ ಓಟದ ಕಾರನ್ನು ಹೋಲುವ ವಾಹನವೊಂದರ ಒಡೆಯನಾಗಬಹುದೆಂಬ ಆಸೆಗೆ ಇದರಿಂದ ಎಡೆಯಾಯಿತು.

ಬಿಡಿಭಾಗಗಳೊಡನೆ ಅವುಗಳನ್ನು ಜೋಡಿಸುವ ವಿಧಾನವನ್ನು ಬರೆದುಕೊಡುವಂತಿರಲಿಲ್ಲ ಎಂದೂ, ಆದುದರಿಂದ ಲೋಟಸ್‌ನವರು ಕಾರನ್ನು ಬಿಚ್ಚುವ ವಿಧಾನವನ್ನು ಬರೆದುಕೊಡುತ್ತಿದ್ದರೆಂದೂ ಒಂದು ಕಥೆ ಕಾರುಪ್ರಿಯರಲ್ಲಿ ಪ್ರಚಲಿತವಾಗಿದೆ. ಕೊಂಡವನು ಆ ಬರಹವನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಹೋದರೆ ಕಾರು ಸಿದ್ಧವಾಗುತ್ತಿತ್ತಂತೆ!

ಬೆಲೆ ಕಡಿಮೆಯೆಂಬುದೊಂದೇ ಈ ಕಾರಿನ ಹಿರಿಮೆಯಾಗಿದ್ದರೆ ಇಂದು ಅದನ್ನು ನೆನೆಯುವ ಕಾರಣವಿರಲಿಲ್ಲ. ಅದರ ರಚನೆಯಲ್ಲಿ ಅಡಗಿದ್ದ ವಿವೇಕವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಸೆವೆನ್ ಕಾರಿನ ಅಸ್ಥಿಪಂಜರವು ತೆಳುವಾದ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಒಂದು ಹಂದರ. ಆ ಹಂದರದಲ್ಲಿ ಎಲ್ಲಿ ನೋಡಿದರೂ ತ್ರಿಕೋನಗಳು. ಇದಕ್ಕೆ ಕಾರಣವನ್ನು ಸುಲಭವಾದ ಪ್ರಯೋಗದಿಂದ ತಿಳಿಯಬಹುದು. ನಾಲ್ಕು ಕಡ್ಡಿಗಳನ್ನು ಚೌಕವಾಗಿ ಇಟ್ಟು ಮೂಲೆಗಳಿಗೆ ಒಂದೊಂದು ಮೊಳೆ ಹೊಡೆಯಿರಿ. ಒಂದು ಮೂಲೆಯನ್ನು ಒತ್ತಿದರೆ ಚೌಕವು ಓರೆಯಾಗಿ ವಜ್ರಾಕೃತಿಗೆ ತಿರುಗುತ್ತದೆ. ಈಗ ಎದುರುಬದುರಿನ ಎರಡು ಮೂಲೆಗಳನ್ನು ಸೇರಿಸುವಂತೆ ಐದನೆಯ ಕಡ್ಡಿಯೊಂದನ್ನು ಹೊಡೆಯಿರಿ. ಚೌಕವು ಎರಡು ತ್ರಿಕೋನಗಳಾಗಿ ಒಡೆಯುತ್ತದೆ. ಎಷ್ಟು ಒತ್ತಿದರೂ ಅದು ಆಕಾರಗೆಡುವುದಿಲ್ಲ. ಕಡ್ಡಿ ಮುರಿಯದೆ ಅಥವಾ ಬಾಗದೆ ತ್ರಿಕೋನವು ತನ್ನ ರೂಪವನ್ನು ಬಿಟ್ಟುಕೊಡಲಾರದು. ರೈಲ್ವೆ ಸೇತುವೆಯ ಕಬ್ಬಿಣದ ಪಟ್ಟಿಗಳಲ್ಲಿಯೂ ಹಂಚಿನ ಮನೆಯ ಮಾಡಿನ ಮರಗಳಲ್ಲಿಯೂ ನಾವು ಕಾಣುವ ತ್ರಿಕೋನಗಳ ಗುಟ್ಟು ಇದೇ. ಚಾಪ್‌ಮನ್ ಈ ತತ್ತ್ವವನ್ನು ಕಾರಿಗೆ ಅನ್ವಯಿಸಿದನು. ದಪ್ಪನೆಯ ಉಕ್ಕಿನ ತೊಲೆಗಳು ಮಾಡುತ್ತಿದ್ದ ಕೆಲಸವನ್ನು ತೆಳುವಾದ ಕೊಳವೆಗಳಿಂದಲೇ ಮಾಡಿಸಿದನು. ಹಂದರದ ಮೇಲೆ ಹೊದಿಸಿದ ಅಲ್ಯೂಮಿನಿಯಂ ತಗಡುಗಳು ಕೂಡ ಕೇವಲ ಹೊದಿಕೆಯಾಗಿರದೆ ಹಂದರಕ್ಕೆ ಬಿಗಿಯನ್ನು ಒದಗಿಸುತ್ತಿದ್ದವು.

ಈ ರೀತಿಯಾಗಿ ಅನಾವಶ್ಯಕವಾದುದನ್ನೆಲ್ಲ ತೆಗೆದುಹಾಕುತ್ತ ಹೋದುದರ ಫಲವಾಗಿ ಕಾರಿನ ತೂಕ ಸುಮಾರು 500 ಕಿಲೋಗ್ರಾಮಿಗೆ ಇಳಿಯಿತು. ನಮ್ಮ ರಸ್ತೆಗಳಲ್ಲಿ ದೀರ್ಘಕಾಲ ಓಡಾಡಿದ ಅಂಬಾಸಡರ್ ಕಾರಿನ ತೂಕ ಸಾವಿರ ಕಿಲೋಗ್ರಾಮಿಗೂ ಮಿಕ್ಕಿದ್ದಿತೆಂಬುದನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಸೆವೆನ್ ಕಾರಿಗೆ ಬಾಗಿಲುಗಳಿರಲಿಲ್ಲ. ಪಕ್ಕದ ಅಂಚನ್ನು ದಾಟಿ ಒಳಗೆ ಇಳಿಯಬೇಕಾಗಿತ್ತು. ಇಬ್ಬರಿಗೆ ಮಾತ್ರ ಜಾಗ. ಕುಳಿತವರಿಗೂ ನೆಲಕ್ಕೂ ಗೇಣುಗಳ ಅಂತರ. ಮಳೆ ಬಂದರೆ ತಲೆಯ ಮೇಲೆ ಎಳೆದುಕೊಳ್ಳಲು ಒಂದು ಬಟ್ಟೆಯ ಮುಸುಕು.

ತೂಕ ಕಡಿಮೆಯಾದರೆ ಏನು ಲಾಭ? ಭೌತಶಾಸ್ತ್ರದ ಪ್ರಾರಂಭದ ಪಾಠಗಳನ್ನು ಓದಿದವರಿಗೆ ಇದರ ಉತ್ತರ ತಿಳಿದೇ ಇದೆ. ಒಂದೇ ಪ್ರಮಾಣದ ಬಲವನ್ನು ಪ್ರಯೋಗಿಸಿದಾಗ, ದ್ರವ್ಯರಾಶಿ ಅರ್ಧವಾದರೆ ವೇಗೋತ್ಕರ್ಷ ಇಮ್ಮಡಿಯಾಗುತ್ತದೆ. ಆದುದರಿಂದ ಹಗುರವಾದ ಕಾರಿಗೆ ಚಿಕ್ಕ ಎಂಜಿನ್ ಸಾಕು. ಚಿಕ್ಕ ಎಂಜಿನ್ ಆದುದರಿಂದ ಪೆಟ್ರೋಲಿನ ವೆಚ್ಚವೂ ಕಡಿಮೆ. ಓಡುವ ವಸ್ತುವನ್ನು ನಿಲ್ಲಿಸುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಹಗುರವಾದ ಕಾರಿಗೆ ಸಣ್ಣ ಬ್ರೇಕುಗಳೇ ಸಾಕಾಗುತ್ತವೆ. ತಿರುವಿನಲ್ಲಿ ಹೊರಕ್ಕೆ ಜಾರದಂತೆ ಕಾರನ್ನು ಹಿಡಿದು ನಿಲ್ಲಿಸಬೇಕಾದ ಚಕ್ರಗಳ ಮೇಲಿನ ಒತ್ತಡವೂ ತಗ್ಗುತ್ತದೆ. ಹೀಗೆ ಒಂದು ಕಡೆ ಇಳಿಸಿದ ತೂಕವು ಮತ್ತೊಂದು ಕಡೆಯ ತೂಕವನ್ನು ಇಳಿಸಲು ದಾರಿ ಮಾಡಿಕೊಡುತ್ತದೆ. ಮೊದಲು ಸರಳಗೊಳಿಸಬೇಕು, ಆಮೇಲೆ ಹಗುರಗೊಳಿಸಬೇಕು ಎಂಬುದು ಚಾಪ್‌ಮನ್ನನ ಸೂತ್ರವೆಂದು ಪ್ರಸಿದ್ಧವಾಗಿದೆ. ಮೊದಲ ಸೆವೆನ್‌ಗೆ ಅಳವಡಿಸಿದ್ದುದು 1172 ಘನ ಸೆಂಟಿಮೀಟರ್ ಗಾತ್ರದ, ಕೇವಲ 40 ಅಶ್ವಶಕ್ತಿಯ, ಹಳೆಯ ಬಗೆಯ ಫೋರ್ಡ್ ಎಂಜಿನ್. ಆದರೂ ಅದು ಗಂಟೆಗೆ 130 ಕಿಲೋಮೀಟರಿನಷ್ಟು ವೇಗವನ್ನು ಮುಟ್ಟುತ್ತಿತ್ತು. ವಾರದ ದಿನಗಳಲ್ಲಿ ಅದೇ ಕಾರಿನಲ್ಲಿ ಕಚೇರಿಗೆ ಹೋಗಿ, ಭಾನುವಾರ ಅದನ್ನೇ ಓಟದ ಸ್ಪರ್ಧೆಗೆ ಒಯ್ಯುವವರೂ ಇದ್ದರು.

ಹಗುರತೆಗೂ ಒಂದು ಬೆಲೆಯುಂಟು ಎಂಬುದನ್ನು ಇಲ್ಲಿ ಮರೆಯಲಾಗದು. ಬಾಗಿಲು, ಗಟ್ಟಿ ಛಾವಣಿ, ದಪ್ಪನೆಯ ಉಕ್ಕಿನ ಮೈ ಇವು ಅಪಘಾತದ ಕಾಲದಲ್ಲಿ ಒಳಗಿರುವವರನ್ನು ಕಾಯುತ್ತವೆ. ಇವು ಯಾವುವೂ ಇಲ್ಲದ ಕಾರನ್ನು ನಡೆಸುವವನು ತನ್ನ ಎಚ್ಚರಿಕೆಯನ್ನೇ ರಕ್ಷಾಕವಚವಾಗಿ ಮಾಡಿಕೊಳ್ಳಬೇಕು. ಚಾಪ್‌ಮನ್ನನ ಓಟದ ಕಾರುಗಳು ಅತಿ ಸೂಕ್ಷ್ಮವೆಂಬ ಟೀಕೆಯೂ ಆ ಕಾಲದಲ್ಲಿ ಕೇಳಿಬರುತ್ತಿತ್ತು. ಹಗುರತೆ ಮತ್ತು ಭದ್ರತೆಗಳ ನಡುವಣ ಈ ಎಳೆದಾಟ ಎಂಜಿನಿಯರನನ್ನು ಎಂದೂ ಬಿಟ್ಟದ್ದಲ್ಲ.

ಲೋಟಸ್ ಬೆಳೆಯಿತು. 1959ರಲ್ಲಿ ಹಾರ್ನ್‌ಸಿಯ ಲಾಯವನ್ನು ಬಿಟ್ಟು ಚೆಸ್ಹಂಟ್ ಎಂಬ ಊರಿಗೂ, 1966ರಲ್ಲಿ ನಾರ್ಫೋಕ್ ಪ್ರಾಂತದ ಹೆಥೆಲ್ ಎಂಬಲ್ಲಿ ಯುದ್ಧಕಾಲದ ಹಳೆಯ ವಿಮಾನ ನಿಲ್ದಾಣವೊಂದಕ್ಕೂ ಅದು ನೆಲೆ ಬದಲಿಸಿತು. 1963ರಲ್ಲಿ ಜಿಮ್ ಕ್ಲಾರ್ಕ್ ಎಂಬ ಚಾಲಕನು ಲೋಟಸ್ ಕಾರಿನಲ್ಲಿ ಓಡಿ ಫಾರ್ಮುಲಾ ಒನ್ ವಿಶ್ವವಿಜೇತನಾದನು. ಇತ್ತ ಸೆವೆನ್ ಕೂಡ 1960ರಲ್ಲಿ ಎರಡನೆಯ, 1968ರಲ್ಲಿ ಮೂರನೆಯ ರೂಪವನ್ನು ತಾಳಿತು. 1967ರಲ್ಲಿ ಬ್ರಿಟಿಷ್ ದೂರದರ್ಶನದಲ್ಲಿ ಆರಂಭವಾದ ‘ದಿ ಪ್ರಿಸನರ್’ ಎಂಬ ಧಾರಾವಾಹಿಯ ನಾಯಕನು ಸೆವೆನ್ ಕಾರನ್ನು ಓಡಿಸುತ್ತಿದ್ದುದರಿಂದ, ಕಾರುಗಳಲ್ಲಿ ಆಸಕ್ತಿಯಿಲ್ಲದವರಿಗೂ ಅದರ ರೂಪ ಪರಿಚಿತವಾಯಿತು.

ಆ ಧಾರಾವಾಹಿಯ ಕೊನೆಯ ಕಂತಿನಲ್ಲಿ ನಾಯಕನಿಗೆ ಕಾರನ್ನು ತಂದೊಪ್ಪಿಸುವ ವ್ಯಕ್ತಿಯಾಗಿ ಕ್ಷಣಕಾಲ ಕಾಣಿಸಿಕೊಳ್ಳುವವನೊಬ್ಬನಿದ್ದಾನೆ. ಆತನು ನಟನಲ್ಲ, ನಿಜವಾಗಿಯೂ ಸೆವೆನ್ ಕಾರುಗಳ ವ್ಯಾಪಾರಿ. ಹೆಸರು ಗ್ರಹಾಂ ನಿಯರ್ನ್. ಲಂಡನ್ನಿನ ದಕ್ಷಿಣಕ್ಕೆ ಸರ್ರೆ ಪ್ರಾಂತದಲ್ಲಿರುವ ಕೇಟರ್‌ಹ್ಯಾಂ ಎಂಬ ಚಿಕ್ಕ ಪಟ್ಟಣದಲ್ಲಿ ಆತನ ಗ್ಯಾರೇಜು ಇದ್ದಿತು. 1959ರಿಂದ ಆತ ಅಲ್ಲಿ ಲೋಟಸ್ ಸೆವೆನ್‌ಗಳನ್ನು ಮಾರುತ್ತಿದ್ದನು. ಇತರ ವ್ಯಾಪಾರಿಗಳಿಗೆ ಸೆವೆನ್ ಕಡಿಮೆ ಲಾಭದ ಸರಕಾಗಿ ಕಂಡಾಗಲೂ ನಿಯರ್ನನಿಗೆ ಅದರಲ್ಲಿದ್ದ ನಂಬಿಕೆ ಕುಂದಲಿಲ್ಲ. ಕಾಲಕ್ರಮದಲ್ಲಿ ಅದರ ಮಾರಾಟದ ಹೊಣೆಯೆಲ್ಲ ಆತನ ಸಂಸ್ಥೆಗೇ ಬಂದು ಸೇರಿತು.

ಈ ವೇಳೆಗೆ ಚಾಪ್‌ಮನ್ನನ ಮನಸ್ಸು ಬೇರೆ ದಿಕ್ಕಿಗೆ ತಿರುಗಿತ್ತು. ಹೆಚ್ಚು ಬೆಲೆಯ, ಹೆಚ್ಚು ಸುಖಸಾಧನಗಳ ಕಾರುಗಳನ್ನು ತಯಾರಿಸುವ ಸಂಸ್ಥೆಯಾಗಿ ಲೋಟಸ್ ಬೆಳೆಯಬೇಕೆಂಬುದು ಆತನ ಹಂಬಲ. ಷೆಡ್ಡಿನಲ್ಲಿ ಜೋಡಿಸುವ ಅಗ್ಗದ ಕಾರು ಅಂತಹ ಸಂಸ್ಥೆಯ ಗೌರವಕ್ಕೆ ಒಪ್ಪುವಂತಹುದಾಗಿರಲಿಲ್ಲ. 1970ರಲ್ಲಿ ಸೆವೆನ್ ನಾಲ್ಕನೆಯ ರೂಪದಲ್ಲಿ ಬಂದಿತು. ಅಲ್ಯೂಮಿನಿಯಂ ತಗಡಿಗೆ ಬದಲಾಗಿ ಗಾಜುನಾರಿನ ಮೈ, ಕಾಲಕ್ಕೆ ತಕ್ಕ ಹೊಸ ವಿನ್ಯಾಸ, ಮೊದಲಿಗಿಂತ ಹೆಚ್ಚಿನ ಅನುಕೂಲ. ಹೊಸಬರು ಅದನ್ನು ಕೊಂಡರು. ಆದರೆ ಹಳೆಯ ಅಭಿಮಾನಿಗಳು ಅದನ್ನು ತಮ್ಮ ಸೆವೆನ್ ಎಂದು ಒಪ್ಪಲಿಲ್ಲ.

ಇದೇ ಸಮಯಕ್ಕೆ ದೊಡ್ಡದೊಂದು ಪೆಟ್ಟು ಬಿದ್ದಿತು. 1973ರ ಜನವರಿಯಲ್ಲಿ ಬ್ರಿಟನ್ನು ಐರೋಪ್ಯ ಆರ್ಥಿಕ ಸಮುದಾಯವನ್ನು ಸೇರಿತು. ಅದೇ ವರ್ಷದ ಏಪ್ರಿಲ್ 1ರಿಂದ ಹಳೆಯ ಖರೀದಿ ತೆರಿಗೆ ರದ್ದಾಗಿ ಅದರ ಸ್ಥಾನದಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಿತು. ಈ ಹೊಸ ತೆರಿಗೆಗೆ ಪೂರ್ಣ ಕಾರು, ಬಿಡಿಭಾಗ ಎಂಬ ಭೇದವಿರಲಿಲ್ಲ. ಪೆಟ್ಟಿಗೆಯಲ್ಲಿ ತುಂಬಿ ಕೊಟ್ಟರೂ ತೆರಿಗೆ ತಪ್ಪದು. ಕಿಟ್ ಕಾರುಗಳು ಯಾವ ಆಧಾರದ ಮೇಲೆ ನಿಂತಿದ್ದುವೋ ಆ ಆಧಾರವೇ ಒಂದು ದಿನದಲ್ಲಿ ಕುಸಿಯಿತು.

ಈ ಕುಸಿತವು ಎಷ್ಟು ತೀವ್ರವಾಗಿತ್ತೆಂಬುದಕ್ಕೆ ವೇಲ್ಸಿನ ಗಿಲ್ಬರ್ನ್ ಸಂಸ್ಥೆಯ ಇತಿಹಾಸವೇ ಸಾಕ್ಷಿ. ಗೈಲ್ಸ್ ಸ್ಮಿತ್ ಎಂಬ ಮಾಂಸದ ವ್ಯಾಪಾರಿ, ಬರ್ನಾರ್ಡ್ ಫ್ರೀಸ್ ಎಂಬ ಜರ್ಮನ್ ಎಂಜಿನಿಯರ್ ಇಬ್ಬರೂ ಸೇರಿ 1959ರಲ್ಲಿ ಅದನ್ನು ಸ್ಥಾಪಿಸಿದ್ದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಗಿಲ್ಬರ್ನ್ ಎಂದಾಯಿತು. ವೇಲ್ಸ್ ನಾಡಿನದೇ ಆದ ಕಾರೆಂಬ ಹೆಮ್ಮೆ ಅದಕ್ಕಿದ್ದಿತು. ಅಲ್ಲಿಯ ಕಾರುಗಳೂ ಬಹುಮಟ್ಟಿಗೆ ಬಿಡಿಭಾಗಗಳ ರೂಪದಲ್ಲಿಯೇ ಮಾರಾಟವಾಗುತ್ತಿದ್ದವು. ವರ್ಷಗಳು ಕಳೆದಂತೆ ಅವು ಹೆಚ್ಚು ದೊಡ್ಡವೂ ಹೆಚ್ಚು ಬೆಲೆಯವೂ ಆದವು. ದೊಡ್ಡ ಕಂಪನಿಗಳ ಸಿದ್ಧ ಕಾರುಗಳೊಡನೆ ಸರಿಸಮವಾಗಿ ನಿಲ್ಲುವ ಯತ್ನ ನಡೆಯಿತು. ತೆರಿಗೆಯ ಅನುಕೂಲವು ತಪ್ಪಿದಾಗ ಅಷ್ಟೇ ಬೆಲೆಗೆ ದೊಡ್ಡ ಕಂಪನಿಯ ಸಿದ್ಧ ಕಾರನ್ನು ಕೊಳ್ಳಬಹುದಾಗಿದ್ದವನು ಗಿಲ್ಬರ್ನನ್ನು ಏಕೆ ಕೊಳ್ಳಬೇಕು? ಸುಮಾರು ಒಂದು ಸಾವಿರ ಕಾರುಗಳನ್ನು ಕಟ್ಟಿದ ಆ ಸಂಸ್ಥೆ ಹೊಸ ತೆರಿಗೆ ಬಂದ ಕೆಲವೇ ತಿಂಗಳುಗಳಲ್ಲಿ ದಿವಾಳಿಯ ಅಂಚಿಗೆ ಬಂದು, ಬಹುಬೇಗ ಬಾಗಿಲು ಮುಚ್ಚಿತು.

ಲೋಟಸ್ ಕೂಡ ಸೆವೆನ್ ಕಾರಿನ ತಯಾರಿಕೆಯನ್ನು ನಿಲ್ಲಿಸಲು ತೀರ್ಮಾನಿಸಿತು. ಅಲ್ಲಿಯವರೆಗೆ ಒಟ್ಟು ಸುಮಾರು 2500 ಕಾರುಗಳು ತಯಾರಾಗಿದ್ದವು. ಲೆಕ್ಕಾಚಾರದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. ಆಗ ಗ್ರಹಾಂ ನಿಯರ್ನ್ ಮುಂದೆ ಬಂದನು. ಕಾರನ್ನು ಹುಟ್ಟಿಸಿದವರೇ ಅದಕ್ಕೆ ಭವಿಷ್ಯವಿಲ್ಲವೆಂದು ಹೇಳುತ್ತಿದ್ದಾಗ, ಚಿಕ್ಕ ಪಟ್ಟಣದ ಗ್ಯಾರೇಜಿನ ಯಜಮಾನನೊಬ್ಬ ಅದನ್ನು ತಯಾರಿಸುವ ಹಕ್ಕನ್ನೂ ಉಪಕರಣಗಳನ್ನೂ ಉಳಿದ ಬಿಡಿಭಾಗಗಳನ್ನೂ 1973ರಲ್ಲಿ ಕೊಂಡುಕೊಂಡನು. ಲೋಟಸ್ ಎಂಬ ಹೆಸರು ಆ ಒಪ್ಪಂದದಲ್ಲಿ ಸೇರಿರಲಿಲ್ಲ. ಹೀಗಾಗಿ ಲೋಟಸ್ ಸೆವೆನ್ ಅಂದಿನಿಂದ ಕೇಟರ್‌ಹ್ಯಾಂ ಸೆವೆನ್ ಆಯಿತು. ಮಾರುವವನು ತಯಾರಕನಾದನು.

ನಿಯರ್ನ್ ಮೊದಲು ಕೈಹಾಕಿದ್ದು ಆಗ ಚಾಲ್ತಿಯಲ್ಲಿದ್ದ ನಾಲ್ಕನೆಯ ರೂಪಕ್ಕೆ. ಅದಕ್ಕೆ ಬೇಕಾದ ಭಾಗಗಳು ಸರಿಯಾಗಿ ದೊರೆಯದೆ ಕೆಲಸ ಕುಂಟತೊಡಗಿತು. ಆಗ ಆತ ಕೈಗೊಂಡ ನಿರ್ಧಾರ ವಿಚಾರಾರ್ಹವಾದುದು. ಸಾಮಾನ್ಯವಾಗಿ ತಯಾರಕರು ಹಳೆಯ ಮಾದರಿಯನ್ನು ಬಿಟ್ಟು ಹೊಸದಕ್ಕೆ ಹೋಗುತ್ತಾರೆ. ನಿಯರ್ನ್ 1974ರಲ್ಲಿ ಹೊಸ ಮಾದರಿಯನ್ನು ಬಿಟ್ಟು ಹಿಂದಿನ ಮೂರನೆಯ ರೂಪಕ್ಕೆ, ಅದೇ ಕೊಳವೆಯ ಹಂದರಕ್ಕೆ, ಅದೇ ಅಲ್ಯೂಮಿನಿಯಂ ತಗಡಿಗೆ ಮರಳಿದನು. ಜನರು ಈ ಕಾರನ್ನು ಕೊಳ್ಳುತ್ತಿದ್ದುದು ತೆರಿಗೆಯ ಉಳಿತಾಯಕ್ಕಾಗಿ ಮಾತ್ರವಲ್ಲ ಎಂಬುದನ್ನು ಆತ ತನ್ನ ಗಿರಾಕಿಗಳ ಒಡನಾಟದಿಂದ ಅರಿತಿದ್ದನು. ಅದರ ಸರಳತೆ, ಹಗುರತೆ, ತಾನೇ ಕಟ್ಟಿದೆನೆಂಬ ತೃಪ್ತಿ ಇವು ಅವರಿಗೆ ಬೇಕಾಗಿದ್ದವು. ಇವುಗಳ ಮೇಲೆ ಯಾವ ಸರ್ಕಾರವೂ ತೆರಿಗೆ ಹಾಕಿರಲಿಲ್ಲ.

ಹಾಗೆಂದು ಕಾರು ಬದಲಾಗದೆಯೇ ಉಳಿಯಿತೆಂದು ತಿಳಿಯಬಾರದು. ಹೊರನೋಟ ಅದೇ ಆಗಿದ್ದರೂ ಒಳಗೆ ಸುಧಾರಣೆಗಳು ಒಂದೊಂದಾಗಿ ಬಂದವು. ಹಂದರವನ್ನು ಬಲಪಡಿಸಲಾಯಿತು. ಉದ್ದನೆಯ ಆಳುಗಳಿಗೆ ಕಾಲು ಚಾಚಲು ಹೆಚ್ಚು ಜಾಗ ದೊರೆಯಿತು. 1980ರ ದಶಕದಲ್ಲಿ ಹಿಂಬದಿಯ ಅಚ್ಚಿನ ರಚನೆ ಉತ್ತಮಗೊಂಡಿತು. ಎಂಜಿನ್ ಅಂತೂ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿತು: ಫೋರ್ಡ್, ವಾಕ್ಸ್‌ಹಾಲ್, ರೋವರ್, ಸುಝುಕಿ ಮೊದಲಾದ ಕಂಪನಿಗಳ ಎಂಜಿನ್‌ಗಳು ಅದೇ ಚಿಕ್ಕ ಮೈಯೊಳಗೆ ಬಂದು ಕುಳಿತವು. ತನಗೆ ಬೇಕಾದುದೆಲ್ಲವನ್ನೂ ತಾನೇ ತಯಾರಿಸಲಾರದ ಸಣ್ಣ ಸಂಸ್ಥೆಯು ದೊಡ್ಡವರಿಂದ ಯಾವುದನ್ನು ಪಡೆಯಬೇಕು, ಯಾವುದನ್ನು ತನ್ನದಾಗಿಯೇ ಉಳಿಸಿಕೊಳ್ಳಬೇಕು ಎಂಬ ವಿವೇಚನೆ ಇಲ್ಲಿ ಎದ್ದು ಕಾಣುತ್ತದೆ. 1987ರಲ್ಲಿ ತಯಾರಿಕೆಯ ಕೆಲಸವು ಕೆಂಟ್ ಪ್ರಾಂತದ ಡಾರ್ಟ್‌ಫರ್ಡ್ ಎಂಬ ಊರಿಗೆ ಸ್ಥಳಾಂತರವಾಯಿತು.

ಈ ಕಾರನ್ನು ಕಟ್ಟುವ ಕ್ರಮವೂ ಕುತೂಹಲಕರವಾದುದು. ಹಂದರವು ಬೆಸುಗೆ, ಬಣ್ಣ, ತಗಡುಗಳ ಸಮೇತ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತದೆ. ಉಳಿದುದೆಲ್ಲ ಪೆಟ್ಟಿಗೆಗಳಲ್ಲಿ. ಹಂದರವನ್ನು ಮರದ ದಿಮ್ಮಿಗಳ ಮೇಲೋ ಕಬ್ಬಿಣದ ಆಸರೆಗಳ ಮೇಲೋ ಎತ್ತಿ ನಿಲ್ಲಿಸಿ, ಮುಂಚಕ್ರಗಳನ್ನು ಹಿಡಿದಿಡುವ ತೋಳುಗಳನ್ನೂ ಸ್ಪ್ರಿಂಗುಗಳನ್ನೂ ಸ್ಟಿಯರಿಂಗಿನ ಭಾಗಗಳನ್ನೂ ಬೋಲ್ಟು ಹಾಕಿ ಬಿಗಿಯಬೇಕು. ಎಂಜಿನ್ ಮತ್ತು ಗೇರ್ ಬಾಕ್ಸನ್ನು ಜೋಡಿಸಿ, ಸರಪಣಿ ಕಟ್ಟಿ ಮೇಲೆತ್ತಿ, ಮೂತಿಯ ಕಡೆಯಿಂದ ಓರೆಯಾಗಿ ಒಳಕ್ಕೆ ಇಳಿಸಬೇಕು. ಇದಕ್ಕೆ ಇಬ್ಬರಾದರೂ ಬೇಕು. ಅನಂತರ ಹಿಂಬದಿಯ ಅಚ್ಚು, ಬ್ರೇಕಿನ ಕೊಳವೆಗಳು, ವಿದ್ಯುತ್ತಿನ ತಂತಿಗಳು, ದೀಪಗಳು, ಆಸನಗಳು. ಸಾಮಾನ್ಯ ಕೈಚಳಕವುಳ್ಳವನಿಗೆ ಇದೆಲ್ಲವೂ ಸುಮಾರು ನೂರು ಗಂಟೆಗಳ ಕೆಲಸ. ಎಷ್ಟೋ ಮನೆಗಳಲ್ಲಿ ತಂದೆ ಮಕ್ಕಳು ಸೇರಿ ಕಾರು ಕಟ್ಟುತ್ತಾರೆ. ಬೋಲ್ಟುಗಳನ್ನು ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯಬೇಕು. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ತನ್ನ ಪ್ರಾಣವು ತಾನು ಬಿಗಿದ ಬೋಲ್ಟಿನ ಮೇಲೆಯೇ ನಿಂತಿದೆಯೆಂಬ ಅರಿವು ಕೆಲಸಗಾರನಲ್ಲಿ ಶ್ರದ್ಧೆಯನ್ನು ತಾನಾಗಿಯೇ ಮೂಡಿಸುತ್ತದೆ.

ಆದರೂ ಕಟ್ಟಿದವನ ಶ್ರದ್ಧೆಯೊಂದನ್ನೇ ನಂಬಿ ಕಾರನ್ನು ರಸ್ತೆಗೆ ಬಿಡುವಂತಿಲ್ಲ. 1998ರಿಂದ ಬ್ರಿಟನ್ನಿನಲ್ಲಿ ಇಂತಹ ಕಾರುಗಳನ್ನು ಒಂದೊಂದಾಗಿ ಪರೀಕ್ಷಿಸುವ ಸರ್ಕಾರಿ ವ್ಯವಸ್ಥೆ ಜಾರಿಗೆ ಬಂದಿತು. 2009ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಬ್ರೇಕುಗಳು ಸಮನಾಗಿ ಹಿಡಿಯುತ್ತವೆಯೇ, ದೀಪಗಳು ಸರಿಯಾದ ಎತ್ತರದಲ್ಲಿವೆಯೇ, ಹೊಗೆ ಮತ್ತು ಸದ್ದು ಮಿತಿಯೊಳಗಿವೆಯೇ, ದಾರಿಹೋಕರಿಗೆ ತಗುಲಿ ಗಾಯವಾಗುವಂತಹ ಚೂಪಾದ ಅಂಚುಗಳಿವೆಯೇ ಎಂಬುದನ್ನು ಪರೀಕ್ಷಕರು ನೋಡುತ್ತಾರೆ. ತೇರ್ಗಡೆಯಾದರೆ ಮಾತ್ರ ನೋಂದಣಿ. ಕೈಯಾರೆ ಕಟ್ಟುವ ಸ್ವಾತಂತ್ರ್ಯಕ್ಕೂ ಸಾರ್ವಜನಿಕರ ಸುರಕ್ಷತೆಗೂ ಹೀಗೆ ಹೊಂದಾಣಿಕೆ ಏರ್ಪಟ್ಟಿದೆ.

ಸೆವೆನ್ ಕಾರಿನ ಯಶಸ್ಸು ಅನುಕರಣೆಗೂ ಕಾರಣವಾಯಿತು. ಇಂಗ್ಲೆಂಡಿನಲ್ಲಿ ವೆಸ್ಟ್‌ಫೀಲ್ಡ್, ಹಾಲೆಂಡಿನಲ್ಲಿ ಡಾಂಕರ್‌ವೂರ್ಟ್, ದಕ್ಷಿಣ ಆಫ್ರಿಕದಲ್ಲಿ ಬರ್ಕಿನ್ ಮುಂತಾದ ಸಂಸ್ಥೆಗಳು ಅದೇ ಜಾಡಿನ ಕಾರುಗಳನ್ನು ತಯಾರಿಸತೊಡಗಿದವು. 1996ರಲ್ಲಿ ರಾನ್ ಚಾಂಪಿಯನ್ ಎಂಬಾತನು, 250 ಪೌಂಡಿನಷ್ಟು ಅಲ್ಪ ವೆಚ್ಚದಲ್ಲಿಯೂ ಇಂತಹ ಕಾರನ್ನು ಕಟ್ಟಿಕೊಳ್ಳಬಹುದೆಂದು ತೋರಿಸುವ ಪುಸ್ತಕವೊಂದನ್ನು ಪ್ರಕಟಿಸಿದನು. ಹಂದರವನ್ನೂ ತಾನೇ ಬೆಸೆದುಕೊಂಡು, ಗುಜರಿಗೆ ಹೋಗುವ ಹಳೆಯ ಕಾರಿನಿಂದ ಎಂಜಿನ್ ತೆಗೆದು ಕೂರಿಸುವ ವಿಧಾನ ಅದರಲ್ಲಿತ್ತು. ಚಾಪ್‌ಮನ್ ಹಳೆಯ ಆಸ್ಟಿನ್ ಕಾರನ್ನು ಬಿಚ್ಚಿ ಆರಂಭಿಸಿದ ಕೆಲಸವೇ ಅರ್ಧ ಶತಮಾನದ ಮೇಲೆ ಮತ್ತೆ ಸಾಮಾನ್ಯರ ಷೆಡ್ಡಿಗೆ ಮರಳಿತೆನ್ನಬಹುದು.

ಚಾಪ್‌ಮನ್ 1982ರಲ್ಲಿ ತನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ನಿಯರ್ನ್ ಕುಟುಂಬವು 2005ರಲ್ಲಿ ಕೇಟರ್‌ಹ್ಯಾಂ ಸಂಸ್ಥೆಯನ್ನು ಇತರರಿಗೆ ಮಾರಿತು. ನಿಯರ್ನ್ 2009ರಲ್ಲಿ ನಿಧನನಾದನು. 2011ರಲ್ಲಿ ಸಂಸ್ಥೆಯು ಮಲೇಷ್ಯದ ಉದ್ಯಮಿ ಟೋನಿ ಫರ್ನಾಂಡಿಸ್‌ನ ಕೈಸೇರಿತು. ಆತನ ಓಟದ ತಂಡವು 2012ರಿಂದ ಕೇಟರ್‌ಹ್ಯಾಂ ಎಂಬ ಹೆಸರಿನಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗೆ ಇಳಿಯಿತು. ಕೋಟಿಗಟ್ಟಲೆ ಹಣವನ್ನು ಬೇಡುವ ಆ ರಂಗದಲ್ಲಿ ಒಂದೇ ಒಂದು ಅಂಕವನ್ನೂ ಗಳಿಸಲಾರದೆ, 2014ರಲ್ಲಿ ತಂಡವು ಹಣವಿಲ್ಲದೆ ಮುಳುಗಿತು. ಆದರೆ ಅದೇ ಹೆಸರಿನ ಚಿಕ್ಕ ಕಾರು ಮಾತ್ರ ಡಾರ್ಟ್‌ಫರ್ಡಿನಿಂದ ಎಂದಿನಂತೆ ಹೊರಬರುತ್ತಲೇ ಇತ್ತು. 2021ರಲ್ಲಿ ಜಪಾನಿನ ವಿ.ಟಿ. ಹೋಲ್ಡಿಂಗ್ಸ್ ಸಂಸ್ಥೆಯು ಅದನ್ನು ಕೊಂಡಿತು. ಚಿಕ್ಕ ಎಂಜಿನ್ನಿನ, ಇಕ್ಕಟ್ಟಾದ ಕಾರುಗಳಿಗೆ ವಿಶೇಷ ರಿಯಾಯಿತಿಯಿರುವ ಜಪಾನಿನಲ್ಲಿ 660 ಘನ ಸೆಂಟಿಮೀಟರ್ ಸುಝುಕಿ ಎಂಜಿನ್ನಿನ ಸೆವೆನ್‌ಗೆ ಒಳ್ಳೆಯ ಆದರ ದೊರಕಿತ್ತು.

ಈಗ ಸೆವೆನ್‌ನ ಮುಂದೆ ಹೊಸ ಪರೀಕ್ಷೆಯೊಂದು ನಿಂತಿದೆ. ಪೆಟ್ರೋಲಿನ ಸ್ಥಾನಕ್ಕೆ ವಿದ್ಯುತ್ತು ಬರುತ್ತಿರುವ ಕಾಲವಿದು. ವಿದ್ಯುತ್ ಕಾರಿಗೆ ಬ್ಯಾಟರಿ ಬೇಕು; ಬ್ಯಾಟರಿ ಎಂದರೆ ಭಾರ. ಹಗುರತೆಯೇ ಜೀವವಾಗಿರುವ ಕಾರಿಗೆ ಈ ಭಾರವನ್ನು ಹೊರಿಸುವುದು ಹೇಗೆ? 2023ರಲ್ಲಿ ಸಂಸ್ಥೆಯು ವಿದ್ಯುತ್ ಸೆವೆನ್ ಒಂದರ ಪ್ರಾಯೋಗಿಕ ಮಾದರಿಯನ್ನು ತೋರಿಸಿ, ಅದರ ತೂಕವನ್ನು 700 ಕಿಲೋಗ್ರಾಮಿನ ಒಳಗೆ ಇರಿಸುವ ಗುರಿಯನ್ನು ಮುಂದಿಟ್ಟಿತು. ಚಾಪ್‌ಮನ್ ಹಾರ್ನ್‌ಸಿಯ ಲಾಯದಲ್ಲಿ ಕುಳಿತು ಬಿಡಿಸುತ್ತಿದ್ದ ಲೆಕ್ಕವೇ ಇಂದಿನ ಎಂಜಿನಿಯರುಗಳ ಮುಂದೆಯೂ ಹೊಸ ರೂಪದಲ್ಲಿ ಬಂದು ನಿಂತಿದೆ.

ಒಂದು ತೆರಿಗೆಯ ನಿಯಮದಿಂದ ಹರಡಿದ ಕಾರು ಆ ನಿಯಮ ಅಳಿದ ಮೇಲೂ ಉಳಿಯಿತು. ಅದರ ಜೊತೆಯವು ಹಲವು ಉಳಿಯಲಿಲ್ಲ. ಹೊರಗಿನ ಅನುಕೂಲವೊಂದನ್ನೇ ನೆಚ್ಚಿಕೊಂಡ ಉದ್ಯಮವು ಆ ಅನುಕೂಲದೊಡನೆ ಬೆಳೆಯುತ್ತದೆ, ಅದರೊಡನೆಯೇ ಬೀಳುತ್ತದೆ. ತನ್ನೊಳಗೆ ಸತ್ವವಿದ್ದ ವಸ್ತುವಿಗೆ ಅನುಕೂಲ ತಪ್ಪಿದಾಗ ಕಷ್ಟ ಬರುವುದುಂಟು. ಆದರೆ ಆ ಸತ್ವವನ್ನು ಗುರುತಿಸಿ ಕೈಹಿಡಿಯುವವನೊಬ್ಬ ದೊರೆತರೆ ಅದು ಅಳಿಯುವುದಿಲ್ಲ. ಚಾಪ್‌ಮನ್ ಅಂತಹ ಒಂದು ವಸ್ತುವನ್ನು ನಿರ್ಮಿಸಿದನು. ನಿಯರ್ನ್ ಅದನ್ನು ಗುರುತಿಸಿ ಉಳಿಸಿದನು. ಹೆಸರು ತಿಳಿಯದ ಸಾವಿರಾರು ಮಂದಿ ತಮ್ಮ ತಮ್ಮ ಷೆಡ್ಡುಗಳಲ್ಲಿ, ಕೈಗೆ ಮಸಿ ಬಳಿದುಕೊಂಡು, ಅದನ್ನು ಮತ್ತೆ ಮತ್ತೆ ಕಟ್ಟುತ್ತ ಬಂದರು. ಈ ಮೂವರಲ್ಲಿ ಯಾರ ಪಾಲು ಹಿರಿದೆಂದು ನಿರ್ಣಯಿಸುವುದು ಸುಲಭವಲ್ಲ.